ಕೇರೆ ಹಾವಿನ ಚರ್ಮದ ಕೆಳಗೆ ಬಿಳಿ ಹುಳು, ಏನಿದು?

ಭದ್ರಾನಾಲೆ_ರೈತ:
ಎಲ್ಲರಿಗೂ ನಮಸ್ಕಾರ. ಮಲೇಬೆನ್ನೂರು ಹತ್ತಿರ ನಮ್ಮ ಗದ್ದೆ. ನಿನ್ನೆ ರೋಟವೇಟರ್ ಹೊಡೆಸುವಾಗ ದೊಡ್ಡ ಕೇರೆ ಹಾವೊಂದು ಸಿಕ್ಕಿ ಸತ್ತುಹೋಯಿತು, ತುಂಬಾ ಬೇಜಾರಾಯಿತು. ಬದುವಿಗೆ ಎತ್ತಿ ಹಾಕುವಾಗ ನೋಡಿದರೆ ಸೀಳಿದ ಚರ್ಮದ ಕೆಳಗೆ, ಮಾಂಸಕ್ಕೆ ಅಂಟಿಕೊಂಡು, ಬೆಳ್ಳಗೆ ಲಾಡಿ ಥರ ಐದಾರು ಹುಳು. ಬೆರಳುದ್ದ ಇದ್ದವು. ಹಾವು ಸತ್ತು ಅರ್ಧ ಗಂಟೆ ಆಗಿದ್ದರೂ ಅವು ಮೆಲ್ಲಗೆ ಉದ್ದ ಆಗಿ ಮತ್ತೆ ಗಿಡ್ಡ ಆಗುತ್ತಿದ್ದವು. ಮಕ್ಕಳಿಗೆ ಅಂಟುತ್ತಾ ಇದು? ತಮ್ಮ ಇನ್ಮೇಲೆ ಕೇರೆ ಕಂಡಲ್ಲಿ ಹೊಡೆಯೋಣ ಅಂತಿದ್ದಾನೆ.

ದನದ_ಡಾಕ್ಟರ್:
ಹೊಡೆಯಬೇಡಿ ಅಣ್ಣ, ನಿಮ್ಮ ಭತ್ತದ ಇಲಿ ತಿನ್ನೋದೇ ಅದು. ನೀವು ಹೇಳಿದ ಹಾಗಿದ್ದರೆ ಅದು ಸ್ಪೈರೋಮೆಟ್ರಾ ಅನ್ನೋ ಲಾಡಿಹುಳುವಿನ ಮರಿ, ಸ್ಪಾರ್ಗಾನಂ ಅಂತಾರೆ. ಹಾವಿನೊಳಗೆ ಅದು ದೊಡ್ಡದಾಗಿ ಮೊಟ್ಟೆ ಇಡೋದಿಲ್ಲ, ಸುಮ್ನೆ ಕಾಯ್ತಾ ಕೂತಿರುತ್ತೆ. ಪೂರ್ತಿ ಬೆಳೆಯೋದು ನಾಯಿ, ಬೆಕ್ಕಿನ ಕರುಳಲ್ಲಿ. ಅವುಗಳ ಕಕ್ಕದಲ್ಲಿ ಮೊಟ್ಟೆ ಹೊರಬಂದು ನೀರು ಸೇರುತ್ತೆ, ಒಡೆದು ಬಂದ ಮರಿಯನ್ನು ಸೈಕ್ಲಾಪ್ಸ್ ಅನ್ನೋ ನೀರಿನ ಚಿಕ್ಕ ಜೀವಿ ನುಂಗುತ್ತೆ, ಅದನ್ನು ಗೊದಮೊಟ್ಟೆ, ಆ ಕಪ್ಪೆಯನ್ನು ಹಾವು. ಪ್ರತಿ ಸಲ ಹುಳು ಹೊಸ ಮೈಯ ಮಾಂಸಕ್ಕೆ ದಾಟಿಕೊಳ್ಳುತ್ತೆ.

ಮನುಷ್ಯರಿಗೆ ಬರೋದು ಸೋಸದ ಕೆರೆ ನೀರು ಕುಡಿದರೆ, ಸರಿಯಾಗಿ ಬೇಯದ ಕಪ್ಪೆ, ಹಾವಿನ ಮಾಂಸ ತಿಂದರೆ, ಇಲ್ಲಾ ಹಸಿ ಕಪ್ಪೆ ಮಾಂಸವನ್ನು ಗಾಯಕ್ಕೋ ಕಣ್ಣಿಗೋ ಕಟ್ಟಿದರೆ. ಬಂದರೆ ಮಾತ್ರೆಗೆ ಅಷ್ಟು ಸುಲಭವಾಗಿ ಬಗ್ಗಲ್ಲ, ಕೊಯ್ದು ತೆಗೀಬೇಕಾಗುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಹಾವನ್ನು ಆಳವಾಗಿ ಹೂತು, ಸೋಪು ಹಾಕಿ ಕೈ ತೊಳೆದುಕೊಳ್ಳಿ.

ಕೋಟೆಊರು_ಟೀಚರ್:
ಸೈಕ್ಲಾಪ್ಸ್ ಅಂದ ತಕ್ಷಣ ನಮ್ಮಜ್ಜಿ ಹೇಳ್ತಿದ್ದ ನಾರು ಹುಣ್ಣು, ಅಂದ್ರೆ ಗಿನಿ ಹುಳುವಿನ ರೋಗ, ನೆನಪಾಯಿತು. ಮೆಟ್ಟಿಲ ಬಾವಿಗೆ ಇಳಿದು ನೀರು ತರೋ ಕಾಲದಲ್ಲಿ ಆ ಹುಳುವೂ ಇದೇ ಸೈಕ್ಲಾಪ್ಸ್‌ನಲ್ಲೇ ಬರ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯೋದನ್ನು ಜನಕ್ಕೆ ಕಲಿಸಿಯೇ ಅದನ್ನು ಓಡಿಸಿದ್ದು. ದೇಶದ ಕೊನೆ ಕೇಸು 1996ರಲ್ಲಿ ರಾಜಸ್ಥಾನದಲ್ಲಿ, 2000ದಲ್ಲಿ ಭಾರತ ಅದರಿಂದ ಪೂರ್ತಿ ಮುಕ್ತ ಅಂತ ಘೋಷಣೆ ಆಯಿತು. ಹೊಲದಲ್ಲಿ ಕಾಲುವೆ ನೀರು ಕುಡಿಯೋರು ಈಗಲೂ ಇದ್ದಾರೆ, ಅವರಿಗೆ ಇದನ್ನು ಹೇಳಬೇಕು.

ಇನ್ನೊಂದು. ನಾನು ಡಿಗ್ರಿಯಲ್ಲಿ ಕಪ್ಪೆ ಕೊಯ್ದಾಗ ಶ್ವಾಸಕೋಶದೊಳಗೆ ಕಪ್ಪು ದಾರದಂಥ ಹುಳು ಕಂಡಿದ್ದವು. ರಾಬ್ಡಿಯಾಸ್ ಅಂತ. ಕುಡಿದ ರಕ್ತಕ್ಕೇ ಆ ಬಣ್ಣ. ಒದ್ದೆ ಮಣ್ಣಿನಲ್ಲಿರೋ ಮರಿ ಕಪ್ಪೆಯ ಚರ್ಮ ಕೊರೆದು ಒಳಗೆ ಹೋಗುತ್ತೆ. ಇದು ಕಪ್ಪೆಗಳದ್ದು, ನಮಗೆ ಬರಲ್ಲ. ಎಷ್ಟೋ ಕಪ್ಪೆಗಳು ಇಂಥವನ್ನು ಇಟ್ಟುಕೊಂಡೇ ಬದುಕುತ್ತವೆ, ಹುಳು ಕಂಡ ಮಾತ್ರಕ್ಕೆ ಕಪ್ಪೆನೋ ಹಾವೋ ಕೆಟ್ಟದ್ದಲ್ಲ ಅಲ್ವಾ.

ಭದ್ರಾನಾಲೆ_ರೈತ:
ತುಂಬಾ ಥ್ಯಾಂಕ್ಸ್. ಓದಿ ಎದೆ ಧಸಕ್ಕೆಂದಿತು. ಬದುವಿನ ಮೇಲೆ ಹಾಕಿದ ಹಾವನ್ನು ನಮ್ಮ ನಾಯಿ ಅರ್ಧ ತಿಂದುಬಿಟ್ಟಿದೆ ಸರ್.

ದನದ_ಡಾಕ್ಟರ್:
ಗಾಬರಿ ಬೇಡ, ನಾಯಿಗೆ ಔಷಧಿ ಇದೆ. ಮಾಮೂಲಿ ಜಂತುಹುಳು ಮಾತ್ರೆ ನೀವೇ ತಂದು ಹಾಕಬೇಡಿ, ಈ ಲಾಡಿಗೆ ಪ್ರಾಜಿಕ್ವಾಂಟೆಲ್ ಜಾಸ್ತಿ ಡೋಸ್ ಬೇಕು. ಆಸ್ಪತ್ರೆಗೆ ಕರ್ಕೊಂಡು ಹೋಗಿ ಹಾವು ತಿಂದಿದೆ ಅಂತ ಬಿಡಿಸಿ ಹೇಳಿ. ಎರಡು ಮೂರು ವಾರದಲ್ಲಿ ಮೊಟ್ಟೆ ಬರೋಕೆ ಶುರುವಾಗಬಹುದು, ಆಗ ಕಕ್ಕದ ಪರೀಕ್ಷೆನೂ ಮಾಡಿಸಿ. ಅಲ್ಲಿವರೆಗೂ ಕಾಲುವೆ ಕಡೆ ಬಿಡಬೇಡಿ, ಕಕ್ಕ ಎತ್ತಿ ಹೂತುಬಿಡಿ.

ಭದ್ರಾನಾಲೆ_ರೈತ:
ಕಟ್ಟಿಹಾಕಿದ್ದೇನೆ ಸರ್. ಉಳಿದ ಅರ್ಧ ಹಾವನ್ನು ಈಗಷ್ಟೇ ತಮ್ಮನೇ ಗುಂಡಿ ತೋಡಿ ಹೂತು ಬಂದ. ಬೆಳಿಗ್ಗೆ ನಾಯಿ ಕರ್ಕೊಂಡು ಆಸ್ಪತ್ರೆಗೆ ಹೋಗ್ತೀವಿ.