ಬಾರುಕೋಲಿನ ತುದಿಗೆ ಮೊಳೆ ಹೊಡೆದಿದ್ದಾನೆ, ಹುಡುಗನಿಗೆ ಹೇಗೆ ತಿಳಿ ಹೇಳಲಿ?

ಪ್ರಶ್ನೆ (ಮಾನ್ವಿ ತಾಲೂಕು):
ನಮ್ಮಣ್ಣನ ಮಗನಿಗೆ 12 ವರ್ಷ. ರಜೆ ಅಂತ ದಿನವಿಡೀ ತಾತನ ಜೊತೆ ಬಂಡಿ ಮೇಲೇ ಇರುತ್ತಾನೆ. ನಿನ್ನೆ ಎತ್ತುಗಳಿಗೆ ನೀರು ಕುಡಿಸುವಾಗ ನೋಡಿದೆ. ಬಲಗಡೆ ಎತ್ತಿನ ಬಾಲದ ಬುಡದಲ್ಲಿ ಏಳೆಂಟು ತೂತು. ಒಂದರಲ್ಲಿ ಕೀವು. ಎತ್ತು ಬಾಲ ಬೀಸುತ್ತೆ, ನೊಣ ಏಳುತ್ತೆ, ಮತ್ತೆ ಅಲ್ಲೇ ಕೂರುತ್ತೆ. ಬಾರುಕೋಲು ನೋಡಿದರೆ ತುದಿಗೆ ಮೊಳೆ!

"ಚುಚ್ಚಿದ್ರ ಜೋರ್ ಓಡ್ತಾವ ಅತ್ತಿ" ಅಂದ. ಮುಖದಲ್ಲಿ ಸಿಟ್ಟಿಲ್ಲ, ಕೆಡುಕಿಲ್ಲ. ನಮ್ಮಪ್ಪನೂ ಹಾಗೇ ಚುಚ್ಚುತ್ತಾರೆ, ಅದನ್ನೇ ಕಲಿತಿದ್ದಾನೆ. ರಾತ್ರಿ ಎದ್ದು ಅದೇ ಎತ್ತಿಗೆ ಮೇವು ಹಾಕುವವನೂ ಇವನೇ. ಕಪಾಳಕ್ಕೆ ಎರಡು ಕೊಡೋಣ ಅನ್ನಿಸಿತು. ಕೊಟ್ಟರೆ ನಾನೂ ಅದನ್ನೇ ಕಲಿಸಿದ ಹಾಗೆ ಅಲ್ವಾ?

ಉತ್ತರ 1 (ಪಶುವೈದ್ಯ, ಸಿಂಧನೂರು):
ಅಕ್ಕಾ, ಹೊಡೆಯದೇ ಇದ್ದದ್ದು ಒಳ್ಳೆಯದಾಯಿತು. ಮೊದಲು ಗಾಯ ತೊಳೆಸಿ, ಅವನ ಕೈಯಿಂದಲೇ. ಹುಳ ಬಿದ್ದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಬಿಸಿಲಿಗೆ ಎತ್ತು ನಿಧಾನ ಆಗೋದು ಸೋಮಾರಿತನ ಅಲ್ಲ, ದಣಿವು. ಬಾಯಿ ತೆರೆದು ಏದುಸಿರು ಬಿಡ್ತಿದ್ದರೆ ಬಂಡಿ ನಿಲ್ಲಿಸಬೇಕು ಅಂತ ಅವನಿಗೆ ತೋರಿಸಿ. ಕಾನೂನಿನ ಮಾತು ತಾತನಿಗಿರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಡಿ 1965ರಲ್ಲೇ ನಿಯಮ ಬಂದಿದೆ. ಮೊಳೆ ಕೋಲು ಬಳಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಎತ್ತು ಹೂಡುವಂತಿಲ್ಲ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆ ಪೂರ್ತಿ ಇದು ಪಾಲಿಸಬೇಕಾದ್ದೇ.

ಉತ್ತರ 2 (ಮೇಷ್ಟ್ರು, ಕುಷ್ಟಗಿ):
ಬುದ್ಧಿ ಹೇಳೋದಕ್ಕಿಂತ ಕೇಳಿ ನೋಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಶಾಲೇಲಿ ಮಕ್ಕಳು ಎತ್ತು ಮಾಡ್ತಾರೆ. ಎತ್ತಿಗೆ ಎಲ್ಲಿ ಕೆರೆದರೆ ಇಷ್ಟ ಅಂತ ಕೇಳ್ತೀನಿ. ಗಂಗೆದೊಗಲು (ಕತ್ತಿನ ಕೆಳಗೆ ಜೋಲುವ ಚರ್ಮ) ಅಂತ ಎಲ್ಲರೂ ಕೂಗ್ತಾರೆ. ಒಮ್ಮೆ ಒಬ್ಬ ಹುಡುಗ ಮಣ್ಣೆತ್ತಿನ ಹೆಗಲ ಮೇಲೆ ಉಗುರಿನಿಂದ ಗೀರಿದ. ಏನೋ ಇದು ಅಂದೆ. "ನೊಗ ಒತ್ತಿ ನಮ್ಮ ಎತ್ತಿಗೆ ಇಲ್ಲಿ ಬಾವು ಬಂದೈತಿ ಸರ್" ಅಂದ. ಮರುದಿನವೇ ಅವರ ಅಪ್ಪನನ್ನು ಕರೆಸಿ ಮಾತಾಡಿದೆ.

ಪ್ರಶ್ನೆ ಕೇಳಿದವರು, ಮೂರು ದಿನದ ಮೇಲೆ:
ಉಪ್ಪುನೀರು, ಬಟ್ಟೆ ಅವನ ಕೈಗೇ ಕೊಟ್ಟೆ. ಮುಟ್ಟಿದ ಕೂಡಲೇ ಎತ್ತಿನ ಚರ್ಮ ಜುಂ ಅಂತ ನಡುಗಿತು. ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. "ಇನ್ನೂ ನೋಯ್ತೈತೇನು?" ಅಂತ ಎತ್ತನ್ನೇ ಕೇಳಿದ, ನನ್ನನ್ನಲ್ಲ. ಸಂಜೆ ಇಕ್ಕಳ ತಂದು ಮೊಳೆ ಕಿತ್ತ.

ಅಪ್ಪ ಮಾತ್ರ ಇನ್ನೂ ಒಪ್ಪಿಲ್ಲ, ಮಧ್ಯಾಹ್ನ ಬಂಡಿ ಬಿಚ್ಚೋ ಮಾತೆತ್ತಿದರೆ ಎದ್ದು ಹೋಗ್ತಾರೆ. ಬಿಡಲ್ಲ, ದಿನಾ ಹೇಳ್ತೀನಿ. ಡಾಕ್ಟ್ರೇ, ಕಾರಹುಣ್ಣಿಮೆಗೆ ಆ ಎತ್ತಿಗೆ ಬಣ್ಣ ಹಚ್ಚಬೇಕು ಅಂತ ಹುಡುಗ ಕಾಯ್ತಿದ್ದಾನೆ. ಅಷ್ಟರೊಳಗೆ ಗಾಯ ಮಾಯುತ್ತಾ?