ಆ ಕೆಂಪು ಲೈಟಿನ ವೈರ್ ವಾಪಸ್ ಹಾಕು ಪುಟ್ಟಾ

ಪುಟ್ಟಾ, ರಾತ್ರಿ ಗ್ರೂಪಲ್ಲಿ ಹಾಕಿದ್ಯಲ್ಲ, ಹಳೇ ಲಾರೀಲಿ ಬ್ಯಾಟರಿ ಚಾರ್ಜ್ ಮಾಡ್ತಿದ್ದ ಡೈನಮೋ ತೆಗ್ದು ಅದರ ಜಾಗಕ್ಕೆ ಆಲ್ಟರ್ನೇಟರ್ ಕೂರ್ಸಿದೀನಿ, ಡ್ಯಾಶ್‌ಬೋರ್ಡಿನ ಕೆಂಪು ಲೈಟ್ ಯಾಕೆ ಅಂತ ಅದರ ವೈರ್ ಬಿಟ್ಬಿಟ್ಟೆ, ಈಗ ಜೋರಾಗಿ ರೇಸ್ ಕೊಡೋವರ್ಗೂ ಚಾರ್ಜೇ ಆಗ್ತಿಲ್ಲ ಮಾವ ಅಂತ, ಆ ವೈರೇ ಕಣೋ ತೊಂದ್ರೆ! ಆಲ್ಟರ್ನೇಟರ್‌ಗೆ ಮೊದಲನೇ ಕರೆಂಟ್ ಹೋಗೋದೇ ಆ ಬಲ್ಬ್ ಮೂಲಕ. ಬಲ್ಬಿನ ಒಂದು ಕಡೆ ಕೀ ಸ್ವಿಚ್ಚಿಂದ, ಇನ್ನೊಂದು ಕಡೆ ಆಲ್ಟರ್ನೇಟರಿನ ಡಿ ಪ್ಲಸ್ (D+) ಅಂತ ಬರ್ದಿರೋ ಟರ್ಮಿನಲ್‌ಗೆ, ಕೆಲವದ್ರಲ್ಲಿ ಎಲ್ ಅಂತ ಇರತ್ತೆ. ಕೀ ಹಾಕಿದಾಗ ಕರೆಂಟ್ ಬಲ್ಬ್ ದಾಟಿ ಒಳಗೆ ತಿರುಗೋ ರೋಟರ್ ಕಾಯಿಲ್ ಸುತ್ತಿ ಅರ್ಥ್ ಸೇರತ್ತೆ, ಲೈಟೂ ಉರಿಯತ್ತೆ, ರೋಟರ್‌ಗೂ ಮ್ಯಾಗ್ನೆಟ್ ಶಕ್ತಿ ಬರತ್ತೆ, ಇಂಜಿನ್ ಓಡಿ ಚಾರ್ಜ್ ಶುರುವಾದ್ರೆ ಎರಡೂ ಕಡೆ ವೋಲ್ಟೇಜ್ ಸಮ ಆಗಿ ಲೈಟ್ ತಾನೇ ಆರಿಹೋಗತ್ತೆ. ಎಷ್ಟು ಚೆಂದದ ಯೋಚನೆ ನೋಡು.

ಬಲ್ಬ್ 2-3 ವ್ಯಾಟಿನ ಹಳೇ ಥರದ್ದೇ ಹಾಕು, ಬರೀ ಎಲ್‌ಇಡಿ ಹಾಕಿದ್ರೆ ಅಷ್ಟು ಕರೆಂಟ್ ಹೋಗಲ್ಲ. ಬಲ್ಬ್ ಬಿಟ್ಟು ನೇರ ವೈರ್ ಮಾತ್ರ ಎಳೀಬೇಡ, ಒಳಗೆ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಸಣ್ಣ ಡಯೋಡ್‌ಗಳು ಸುಟ್ಟೋಗ್ತವೆ. ಓಡ್ತಿರುವಾಗ್ಲೂ ಲೈಟ್ ಮಂದವಾಗಿ ಉರೀತಿದ್ರೆ ಒಂದೋ ಡಯೋಡ್ ಹೋಗಿದೆ, ಇಲ್ಲಾ ಕೀ ಸ್ವಿಚ್ಚಲ್ಲಿ ಕಿಲುಬು ಹಿಡ್ದಿದೆ.

ನನಗೆ ನಿಜವಾಗಿ ಭಯ ಆಗಿದ್ದು ನಿನ್ ಫೋಟೋದಲ್ಲಿರೋ ಆಮೀಟರ್, ಅದೇ ಕರೆಂಟ್ ಎಷ್ಟು ಹರೀತಿದೆ ಅಂತ ತೋರ್ಸೋ ಮೀಟರ್ ನೋಡಿ. ಮುಳ್ಳು ಎರಡೂ ಕಡೆ 30ರವರೆಗೆ ಅಷ್ಟೇ ಇದೆ, ನೀನು ಹಾಕಿರೋದು 55 ಆಂಪಿನ ಆಲ್ಟರ್ನೇಟರ್, ಚಾರ್ಜಿಂಗ್ ಕರೆಂಟ್ ಪೂರ್ತಿ ಅದರ ಹೊಟ್ಟೆಯೊಳಗಿಂದಾನೇ ಹಾದು ಹೋಗ್ಬೇಕು. ನಾನೊಂದ್ಸಲ ಹಂಗೇ ಬಿಟ್ಟಿದ್ದೆ, ಸುಟ್ಟ ವಾಸನೆ ಬಂತು ಅಂತ ಡ್ಯಾಶ್ ಹಿಂದೆ ಕೈ ಹಾಕಿದ್ರೆ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಿಗೇ ಅಂಟ್ಕೊಳ್ತು ಕಣೋ, ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ರೆ ಕ್ಯಾಬಿನ್ನೇ ಹತ್ಕೊಳ್ತಿತ್ತು. ಅದಕ್ಕೇ ಆಲ್ಟರ್ನೇಟರಿಂದ ದಪ್ಪ ವೈರ್ ನೇರ ಬ್ಯಾಟರಿಗೇ ಎಳಿ, ಬ್ಯಾಟರಿ ಹತ್ರ ತಕ್ಕ ಫ್ಯೂಸ್ ಹಾಕು. ಆಮೀಟರಿನ ಎರಡು ವೈರ್ ಬಿಚ್ಚಿ ಒಂದಕ್ಕೊಂದು ಗಟ್ಟಿಯಾಗಿ ಬೋಲ್ಟ್ ಮಾಡಿ ಟೇಪ್ ಸುತ್ತು, ಮೀಟರ್ ಅಂದಕ್ಕೆ ಅಲ್ಲೇ ಇರ್ಲಿ. ನೋಡೋಕೆ ವೋಲ್ಟ್ ಮೀಟರ್ ಹಾಕ್ಕೋ, ಕೀ ಹಾಕಿದಾಗ ಮಾತ್ರ ಕರೆಂಟ್ ಬರೋ ಕಡೆಯಿಂದ ಸಣ್ಣ ಫ್ಯೂಸ್ ಜೊತೆ ಒಂದು ವೈರ್, ಅರ್ಥ್‌ಗೊಂದು, ಅಷ್ಟೇ. ಇಂಜಿನ್ ನಿಂತಾಗ ತುಂಬಿದ ಬ್ಯಾಟರಿ 12.6 ಆಸುಪಾಸು, ಓಡ್ವಾಗ 13.8ರಿಂದ 14.4 ತೋರಿಸ್ಬೇಕು, 15 ದಾಟಿದ್ರೆ ವೋಲ್ಟೇಜ್ ಹತೋಟೀಲಿಡೋ ರೆಗ್ಯುಲೇಟರ್ ನೋಡು.

ಕೆಲ್ಸಕ್ಕೆ ಕೈ ಹಾಕೋ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಿಡು, ಮರೀಬೇಡ. ಮುಗಿದ್ಮೇಲೆ ಸ್ಟಾರ್ಟ್ ಮಾಡ್ದೆ ಬರೀ ಕೀ ತಿರುಗ್ಸಿ ಕೆಂಪು ಲೈಟ್ ಉರಿಯೋದರ ವಿಡಿಯೋ ಕಳ್ಸು, ಅದನ್ನ ನೋಡಿ ಮುಂದಿಂದು ಹೇಳ್ತೀನಿ.