ಚೀಲ ಕಾಯುವುದಕ್ಕೆ ನಾನು ಬರುವುದಿಲ್ಲ

ತಮ್ಮಾ, ಮನೆಮಂದಿಯ ಗುಂಪಿನಲ್ಲಿ ನೀನು ಹಾಕಿದ ಸಂದೇಶ ಕೇಳಿದೆ. ದಸರಾ ರಜೆಗೆ ಮನೆಮಂದಿಯೆಲ್ಲ ಹೈದರಾಬಾದಿಗೆ ಹೋಗಿ ಅಲ್ಲಿನ ದೊಡ್ಡ ಮನರಂಜನಾ ಪಾರ್ಕು ನೋಡಿ ಬರೋಣ ಎಂದು ಹೊರಟವನು ನೀನು. ನಾನು ನಾಲ್ಕು ಪ್ರಶ್ನೆ ಕೇಳಿದ್ದಕ್ಕೆ, "ಅಕ್ಕಾ, ಅಲ್ಲಿ ವೀಲ್‌ಚೇರ್ ಇದೆಯಂತೆ, ಎಲ್ಲ ವ್ಯವಸ್ಥೆ ಇದೆಯಂತೆ, ಇಷ್ಟೊಂದು ಯೋಚಿಸಿದರೆ ಯಾವ ಪ್ರವಾಸವೂ ಆಗುವುದಿಲ್ಲ" ಎಂದೆ. ಅದರ ಕೆಳಗೆ ಕಾಕಾ, "ಅವಳು ನೆರಳಿನಲ್ಲಿ ಕುಳಿತು ಚೀಲ ನೋಡಿಕೊಂಡರಾಯಿತು" ಎಂದಿದ್ದಾರೆ. ಇದನ್ನೆಲ್ಲ ಬೆರಳಿನಲ್ಲಿ ಒತ್ತಿ ಬರೆಯಲು ನನ್ನಿಂದಾಗದು, ಅದಕ್ಕೆ ಬಾಯಲ್ಲೇ ಹೇಳುತ್ತಿದ್ದೇನೆ. ಉದ್ದವಾಗುತ್ತದೆ. ಅರ್ಧಕ್ಕೆ ನಿಲ್ಲಿಸದೆ ಕೇಳಿರಿ.

ಕಾಕಾ, ನೀವು ಅಕ್ಕರೆಯಿಂದಲೇ ಹಾಗೆ ಹೇಳಿದಿರಿ, ನನಗೆ ಗೊತ್ತು. ಆದರೂ ಆ ಮಾತು ನೋಯಿಸಿತು. ಚೀಲ, ಚಪ್ಪಲಿ, ಮಕ್ಕಳ ಟವೆಲ್ಲು ಕಾಯುವುದಕ್ಕೆ ನಾನು ರಾಯಚೂರಿನಿಂದ ಸುಮಾರು 200 ಕಿಲೋಮೀಟರ್ ಬರುವುದಿಲ್ಲ. ನನಗೂ ಅಲೆಗಳ ಕೊಳದಲ್ಲಿ ಕಾಲು ನೆನೆಸುವ ಆಸೆ ಇದೆ. ದೊಡ್ಡ ತೊಟ್ಟಿಲಿನಲ್ಲಿ ಮೇಲೆ ಹೋಗಿ ಕೆಳಗೆ ನೋಡುವ ಆಸೆ ಇದೆ. ಅಪ್ಪ ಇದ್ದಾಗ ಜಾತ್ರೆಯಲ್ಲಿ ನನ್ನನ್ನು ಎತ್ತಿ ತೊಟ್ಟಿಲಲ್ಲಿ ಕೂರಿಸುತ್ತಿದ್ದರು. ನೀನು ಕೆಳಗೇ ಇರು ಎಂದು ಅವರು ಒಮ್ಮೆಯೂ ಅಂದವರಲ್ಲ.

ಈಗ ವ್ಯವಸ್ಥೆಯ ವಿಷಯ. ತಮ್ಮಾ, ನೀನು ಜಾಲತಾಣದಲ್ಲಿ ಗಾಲಿಕುರ್ಚಿಯ ಚಿತ್ರ ನೋಡಿ ಸಮಾಧಾನಪಟ್ಟೆ. ನಾನು ಒಂದು ಪಾರ್ಕಿಗೆ ಫೋನ್ ಮಾಡಿ ಮಾತನಾಡಿದೆ. ಕುರ್ಚಿ ಇದೆಯೇ ಎಂದರೆ ಇದೆ ಎಂದರು. ಮೊದಲೇ ಕಾಯ್ದಿರಿಸಬಹುದೇ ಎಂದರೆ ಆಗುವುದಿಲ್ಲ, ಮೊದಲು ಬಂದವರಿಗೆ ಮೊದಲು ಎಂದರು. ಕುರ್ಚಿಯಿಂದ ರೈಡಿನ ಆಸನಕ್ಕೆ ಹೇಗೆ ಹೋಗುವುದು ಎಂದು ಕೇಳಿದಾಗ ಆ ಹುಡುಗಿ ಸುಮ್ಮನಾದಳು. ಇನ್ನೊಬ್ಬರು ಬಂದು, ಜೊತೆಗೆ ಬಂದವರೇ ಎತ್ತಿ ಕೂರಿಸಬೇಕು, ನಮ್ಮ ಸಿಬ್ಬಂದಿ ಎತ್ತುವಂತಿಲ್ಲ ಎಂದರು. ಇದರಲ್ಲಿ ನನಗೆ ಸಿಟ್ಟಿಲ್ಲ. ಜಗತ್ತಿನ ಬಹಳಷ್ಟು ಪಾರ್ಕುಗಳ ನಿಯಮ ಇದೇ. ತರಬೇತಿ ಇಲ್ಲದವರು ಎತ್ತಿದರೆ ಎತ್ತಿದವನ ಸೊಂಟವೂ ಹೋಗುತ್ತದೆ, ನನ್ನ ಎಲುಬೂ ಹೋಗುತ್ತದೆ. ಕೆಲವು ರೈಡುಗಳು ನಡುವೆ ನಿಂತುಬಿಟ್ಟರೆ ಎತ್ತರದಿಂದ ಕಿರಿದಾದ ಮೆಟ್ಟಿಲು ಹಿಡಿದು ಇಳಿಯಬೇಕಾಗುತ್ತದೆ. ಅಂಥ ಕಡೆ ನಡೆಯಲಾಗದವರನ್ನು ಬಿಡುವುದಿಲ್ಲ ಎಂದರೆ ಒಪ್ಪುತ್ತೇನೆ. ಒಪ್ಪದಿರುವುದು ಮುಂದಿನ ಉತ್ತರವನ್ನು. ಯಾವ ರೈಡಿಗೆ ಬಿಡುತ್ತೀರಿ, ಯಾವುದಕ್ಕೆ ಬಿಡುವುದಿಲ್ಲ, ಪಟ್ಟಿ ಕಳಿಸಿ ಎಂದೆ. "ಪಟ್ಟಿ ಇಲ್ಲ ಮೇಡಂ, ಇಲ್ಲಿಗೆ ಬಂದ ಮೇಲೆ ಆಯಾ ರೈಡಿನ ಆಪರೇಟರ್ ನೋಡಿ ಹೇಳುತ್ತಾರೆ" ಎಂದರು. ಅಂದರೆ ಎಲ್ಲರಷ್ಟೇ ಹಣ ಕೊಟ್ಟು ಒಳಗೆ ಹೋಗಿ, ಸಾಲಿನಲ್ಲಿ ಕಾದು, ಮಕ್ಕಳ ಎದುರಿಗೆ "ನಿಮಗೆ ಆಗುವುದಿಲ್ಲ" ಎಂದು ಕೇಳಿಸಿಕೊಳ್ಳಬೇಕು. ಒಂದು ರೈಡಿನ ಮುಂದೆ ಮುಗಿಯುವುದಿಲ್ಲ, ಪ್ರತಿಯೊಂದರ ಮುಂದೆಯೂ. ಮನೆಯಲ್ಲಿ ಕುಳಿತೇ ಇದನ್ನು ತಿಳಿದುಕೊಳ್ಳುವುದಕ್ಕಾಗಿ ಪ್ರಶ್ನೆ ಕೇಳುತ್ತಿದ್ದೇನೆಯೇ ಹೊರತು ಪ್ರವಾಸ ತಪ್ಪಿಸುವುದಕ್ಕಲ್ಲ.

ಪೋಲಿಯೋದಿಂದ ಸೋತ ನನ್ನ ಕಾಲಿಗೆ ಆಸರೆಯಾಗಿ ಕಟ್ಟುವ ಕಬ್ಬಿಣದ ಪಟ್ಟಿ, ಕ್ಯಾಲಿಪರ್, ಎಂದರೇನು ಎಂದೇ ಫೋನಿನ ಆ ಹುಡುಗಿಗೆ ತಿಳಿಯಲಿಲ್ಲ. ತಪ್ಪು ಅವಳದಲ್ಲ. ನಮ್ಮ ದೇಶದ ಕೊನೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರಲ್ಲಿ ಭಾರತ ಪೋಲಿಯೋಮುಕ್ತವಾಯಿತು. ಈಗಿನ ಹುಡುಗರು ಪೋಲಿಯೋ ಎಂದರೆ ಎರಡು ಹನಿ ಎಂದಷ್ಟೇ ಬಲ್ಲರು. ರೋಗ ಹೋಯಿತು, ಅದು ಮುಟ್ಟಿದ ನಾವು ಇನ್ನೂ ಇದ್ದೇವೆ, ನಮಗೆ ವಯಸ್ಸಾಗುತ್ತಿದೆ. ಹಾಗೆಯೇ, "ನೀನು ಮೊದಲು ನಮ್ಮೂರಿನ ತೀನ್ ಕಂದೀಲ್ ವೃತ್ತದವರೆಗೆ ಬಗಲುಗೋಲಿನಲ್ಲೇ ಹೋಗಿ ಬರುತ್ತಿದ್ದೆಯಲ್ಲ" ಎಂದು ಯಾರೂ ಹುರಿದುಂಬಿಸಬೇಡಿ. ಪೋಲಿಯೋ ಬಂದು ದಶಕಗಳಾದ ಮೇಲೆ ಉಳಿದ ಸ್ನಾಯುಗಳೂ ಸೋಲಲು ತೊಡಗುತ್ತವೆ, ಅವನ್ನು ದಣಿಸಿದಷ್ಟೂ ಹಾನಿ ಎಂದು ವೈದ್ಯರು ನನಗೆ ಬಿಡಿಸಿ ಹೇಳಿದ್ದಾರೆ. ನಾನು ಈಗ ಕುರ್ಚಿ ಬಳಸುವುದು ನನ್ನಲ್ಲಿ ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಲು.

ಹೋಟೆಲಿನ ಕಥೆ ಇನ್ನೊಂದು. ಲಿಫ್ಟ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಲಿಫ್ಟಿನ ಬಾಗಿಲು ತಲುಪುವ ಮೊದಲು ಮೆಟ್ಟಿಲು ಇವೆಯೇ ಎಂದು ಕೇಳಿದರೆ, "ಐದೇ ಮೆಟ್ಟಿಲು" ಎನ್ನುತ್ತಾರೆ. ಐದೇ! ಇಳಿಜಾರು ಮಾಡಿದ್ದೇವೆ ಎಂದವರೂ ಇದ್ದಾರೆ. ಒಂದು ಅಡಿ ಎತ್ತರ ಏರಬೇಕಾದರೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಮೂರು ಅಡಿ ಉದ್ದಕ್ಕೆ ಸಿಮೆಂಟು ಬಳಿದರೆ ಅದು ಸ್ಕೂಟರ್ ಹತ್ತಿಸುವುದಕ್ಕೆ ಸರಿ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇನ್ನು ಸ್ನಾನದ ಮನೆ. ನನ್ನ ಕುರ್ಚಿ ಚಕ್ರ ಸೇರಿ 25 ಇಂಚು ಅಗಲ. ಸ್ನಾನದ ಮನೆಯ ಬಾಗಿಲು ಅನೇಕ ಕಡೆ ಎರಡೇ ಅಡಿ. ಬಾಗಿಲಿನ ಅಗಲ ಅಳೆದು ಹೇಳಿ, ಒಂದು ಚಿತ್ರ ಕಳಿಸಿ ಎಂದು ಒಂದು ಹೋಟೆಲಿನವರನ್ನು ಬೇಡಿಕೊಂಡೆ. ಹಾಸಿಗೆಯ ಚಿತ್ರ ಕಳಿಸಿದರು.

ಇದನ್ನು ಗಂಡಸರೆಲ್ಲ ಇರುವ ಗುಂಪಿನಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಹೇಳುತ್ತೇನೆ. ಹೊರಗೆ ಹೋಗುವ ದಿನ ನಾನು ನೀರು ಕುಡಿಯುವುದಿಲ್ಲ. ಮದುವೆಗೆ, ಮಂತ್ರಾಲಯಕ್ಕೆ, ಎಲ್ಲಿಗೆ ಹೋದರೂ ಹೀಗೆಯೇ. ನನ್ನಿಂದ ಬಳಸಲಾಗುವ ಶೌಚಾಲಯ ಸಿಗುತ್ತದೆ ಎಂಬ ನಂಬಿಕೆ ಇರುವುದಿಲ್ಲ. ಅದರಿಂದ ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದ್ದನ್ನು ಅವ್ವ ಬಲ್ಲಳು, ವೈನಿ ಬಲ್ಲಳು. ಪಾರ್ಕಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇರಬೇಕು. ಆದ್ದರಿಂದ ನನ್ನ ಮೊದಲ ಪ್ರಶ್ನೆ ಯಾವಾಗಲೂ ಶೌಚಾಲಯದ್ದು: ಕುರ್ಚಿ ಒಳಗೆ ತಿರುಗುತ್ತದೆಯೇ, ಕಮೋಡ್ ಇದೆಯೇ, ಪಕ್ಕದಲ್ಲಿ ಹಿಡಿಯಲು ಕಂಬಿ ಇದೆಯೇ, ಬೀಗ ಹಾಕಿ ಕಸಬರಿಗೆ, ಬಕೆಟ್ಟು ತುಂಬಿ ಇಟ್ಟಿರುತ್ತಾರೆಯೇ. ಈ ಕೊನೆಯದು ಬಹಳ ಕಡೆ ಕಂಡದ್ದು. ವಿಕಲಚೇತನರ ಶೌಚಾಲಯ ಎಂದು ಫಲಕ ಹಾಕಿದ ಕೋಣೆಯೇ ಸಾಮಾನು ತುಂಬುವ ಕೋಣೆಯಾಗಿರುತ್ತದೆ.

ಅಮೆರಿಕದಲ್ಲಿರುವ ನಮ್ಮ ಅಳಿಯ, "ಅತ್ತೆ, ಇಲ್ಲಿಗೆ ಬನ್ನಿ, ಡಿಸ್ನಿಯಲ್ಲಿ ಎಲ್ಲ ಸುಲಭ" ಎಂದು ಹಾಕಿದ್ದಾನೆ. ಬಾಯಿ ತುಂಬಾ ಕರೆದದ್ದಕ್ಕೆ ಸಂತೋಷ, ಮಗನೇ. ಆದರೆ ಅಲ್ಲಿಯೂ 2024ರಲ್ಲಿ ನಿಯಮ ಬಿಗಿ ಮಾಡಿದರು. ಸಾಲಿನ ಹೊರಗೆ ಕಾಯುವ ಸೌಲಭ್ಯವನ್ನು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ ಸೀಮಿತಗೊಳಿಸಿದರು. ನಡೆಯಲಾಗದವರು ಸಾಮಾನ್ಯವಾಗಿ ಎಲ್ಲರ ಸಾಲಿನಲ್ಲೇ ಕುರ್ಚಿಯಲ್ಲಿ ಹೋಗಬೇಕು. ಅಲ್ಲಿನ ಬಹಳಷ್ಟು ಸಾಲುಗಳು ಕುರ್ಚಿ ಹೋಗುವಷ್ಟು ಅಗಲವಿವೆ ಎಂಬುದು ಅದರ ಹಿಂದಿನ ಲೆಕ್ಕ. ನಾನು ಕೇಳುವುದೂ ಅಷ್ಟೇ. ನನ್ನನ್ನು ಎಲ್ಲರಿಗಿಂತ ಮೊದಲು ಬಿಡಿ ಎಂದು ಕೇಳುತ್ತಿಲ್ಲ. ಕಬ್ಬಿಣದ ಕೊಳವೆಗಳ ನಡುವೆ ಅಂಕುಡೊಂಕಾಗಿ ಸಾಲು ಮಾಡುತ್ತಾರಲ್ಲ, ಆ ತಿರುವಿನಲ್ಲಿ ಕುರ್ಚಿ ತಿರುಗುವಷ್ಟು ಜಾಗ ಬಿಟ್ಟರೆ ನಾನೂ ನಿಮ್ಮೊಡನೆ ಕಾಯುತ್ತೇನೆ.

ಆನೆಗೊಂದಿಯ ಅಂಜನಾದ್ರಿಗೆ ನೀವೆಲ್ಲ 575 ಮೆಟ್ಟಿಲು ಹತ್ತಿ ಹೋದಾಗ ನಾನು ಕೆಳಗೆ ಉಳಿದೆ. ಒಂದು ಮಾತು ಆಡಲಿಲ್ಲ. ಅದು ಬೆಟ್ಟ, ಹಾಗೆಯೇ ಹುಟ್ಟಿದೆ. ಆದರೆ ಈ ಪಾರ್ಕುಗಳು ಮೊನ್ನೆ ಮೊನ್ನೆ ಕಟ್ಟಿದವು. ಅಲ್ಲಿಯ ಪ್ರತಿ ಮೆಟ್ಟಿಲನ್ನೂ ಯಾರೋ ಕಾಗದದ ಮೇಲೆ ಗೆರೆ ಎಳೆದು, ಲೆಕ್ಕ ಹಾಕಿ, ಕಾಂಕ್ರೀಟು ಸುರಿದು ಮಾಡಿದ್ದಾರೆ. ಆ ಕಾಗದದ ಮೇಲೆ ನಾನು ಇರಲಿಲ್ಲ ಎಂಬುದೇ ನನ್ನ ಸಂಕಟ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ಖಾಸಗಿಯವರು ನಡೆಸಿದರೂ ಸಾರ್ವಜನಿಕರಿಗೆ ತೆರೆದ ಕಟ್ಟಡ ಎಲ್ಲರಿಗೂ ಪ್ರವೇಶಸಾಧ್ಯವಾಗಿರಬೇಕು ಎನ್ನುತ್ತದೆ ಅದು. ನಿಯಮಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು.

ಸರಿ, ಹೋಗುವ ಬಗ್ಗೆ. ಬೇಸಿಗೆ ಬಿಟ್ಟು ದಸರಾ ಆರಿಸಿದ್ದು ಬಹಳ ಒಳ್ಳೆಯದಾಯಿತು, ತಮ್ಮಾ. ಏಪ್ರಿಲ್ ಬಿಸಿಲಿಗೆ ಕ್ಯಾಲಿಪರಿನ ಕಬ್ಬಿಣ ಕಾದು ಚರ್ಮ ಹಿಡಿಯುತ್ತದೆ. ರೈಲಾದರೆ ನನಗೂ ಜೊತೆಗೆ ಬರುವ ಒಬ್ಬರಿಗೂ ಸ್ಲೀಪರ್ ದರ್ಜೆಯಲ್ಲಿ ಮುಕ್ಕಾಲು ಭಾಗ ರಿಯಾಯಿತಿ ಸಿಗುತ್ತದೆ, ರೈಲ್ವೆಯ ಗುರುತಿನ ಚೀಟಿ ನನ್ನ ಬಳಿ ಇದೆ. ಆದರೆ ಬೋಗಿಯ ಮೆಟ್ಟಿಲು ಹತ್ತಿಸುವಾಗ ಇಬ್ಬರು ಬೇಕು. ಆ ಕೆಲಸಕ್ಕೆ ನೀನು ಮತ್ತು ಕಾಕಾನ ಮಗ ಮೊದಲು ಮನೆಯಲ್ಲಿ ಅಭ್ಯಾಸ ಮಾಡಬೇಕು. ತೋಳು ಹಿಡಿದು ಎಳೆಯಬಾರದು, ಭುಜ ಹೋಗುತ್ತದೆ. ನಾನು ಹೇಳಿಕೊಡುತ್ತೇನೆ. ಕಾರಾದರೆ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದೆಯೇ ಎಂದು ಬಾಡಿಗೆಯವನನ್ನು ಮೊದಲೇ ಕೇಳು. ಸಿಲಿಂಡರ್ ಇದ್ದರೆ ನನ್ನ ಕುರ್ಚಿ ಹಿಡಿಸುವುದಿಲ್ಲ, ಅಲ್ಲಿ ಸಿಗುವ ಕುರ್ಚಿಯ ಭರವಸೆಯ ಮೇಲೆ ನಾನು ಹೊರಡುವುದಿಲ್ಲ. ನೀರಿನ ಆಟಗಳಿಗೆ ಕ್ಯಾಲಿಪರ್ ತೆಗೆಯಬೇಕಾಗುತ್ತದೆ, ಆಗ ಅದನ್ನು ಒಣಗಿದ ಜಾಗದಲ್ಲಿ ಒಬ್ಬರು ಹಿಡಿದು ನಿಲ್ಲಬೇಕು. ಕಾಕಾ, ಆ ಹೊತ್ತು ಚೀಲದ ಜೊತೆ ನೀವು ಸ್ವಲ್ಪ ಕುಳಿತುಕೊಳ್ಳುವಿರಾ?

ಫಿಲ್ಮ್ ಸಿಟಿಗೂ ಹೋಗೋಣ ಎಂದು ವೈನಿ ಹೇಳಿದ್ದು ನನಗೆ ಇಷ್ಟವಾಯಿತು. ಒಳಗೆ ಬಸ್ಸಿನಲ್ಲಿ ಸುತ್ತಿಸುತ್ತಾರೆ, ಆದ್ದರಿಂದ ಬಸ್ಸು ಹತ್ತಿ ಇಳಿಯುವುದು ಎಷ್ಟು ಸಲ, ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ವೈನಿಯೇ ಕೇಳಿ ತಿಳಿಸಲಿ. ಹೋಟೆಲುಗಳಿಗೆ ನಾನೇ ಫೋನ್ ಮಾಡುತ್ತೇನೆ. ನೆಲಮಹಡಿಯ ಕೋಣೆ ಸಿಗುವವರೆಗೆ ಬಿಡುವುದಿಲ್ಲ. ತಮ್ಮಾ, ನೀನು ಪಾರ್ಕಿಗೆ ಇಮೇಲ್ ಬರೆದು ರೈಡುಗಳ ಪಟ್ಟಿಯನ್ನು ಲಿಖಿತವಾಗಿ ಕೇಳು. ಫೋನಿನ ಮಾತು ಗೇಟಿನಲ್ಲಿ ನಡೆಯುವುದಿಲ್ಲ. ಉತ್ತರ ಬರುವವರೆಗೆ ಟಿಕೆಟ್ಟಿಗೆ ಹಣ ಕಟ್ಟಬೇಡ.